ಹರಿಗೋಲು ಏಕೆ ತಿರುಗುತ್ತದೆ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮಕ್ಕಳು ಹಂಪಿಗೆ ಶಾಲಾ ಪ್ರವಾಸ ಹೋದರೆ ಕಲ್ಲಿನ ರಥವನ್ನು ತಪ್ಪದೆ ನೋಡುತ್ತಾರೆ. ತುಂಗಭದ್ರೆಯ ದಡದ ಹರಿಗೋಲನ್ನು ಅಷ್ಟೇ ಆಸಕ್ತಿಯಿಂದ ಗಮನಿಸುವವರು ಕಡಿಮೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿ ಬಳಿ ಇದನ್ನು ಕಂಡು ವಿವರಿಸಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿ; ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು; ಹದಿನೈದು ಇಪ್ಪತ್ತು ಜನರನ್ನು ಹೊರುತ್ತದೆ; ನೇರವಾಗಿ ಹೋಗದೆ ಸುತ್ತುತ್ತಲೇ ಇರುತ್ತದೆ. ಇಂದು ಬಿದಿರಿನ ಸೀಳುಗಳ ಹೆಣಿಗೆ, ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಟಾರು. ಆಕಾರ ಮಾತ್ರ ಅದೇ.

ಇದು ತೇಲುವುದು ಆರ್ಕಿಮಿಡೀಸ್ ತತ್ವದಂತೆ. ತಳದ ವ್ಯಾಸ 2.5 ಮೀಟರ್ ಎಂದುಕೊಳ್ಳೋಣ. ಆಗ ತಳದ ವಿಸ್ತೀರ್ಣ ಸುಮಾರು 4.9 ಚದರ ಮೀಟರ್. ಹರಿಗೋಲು 1 ಸೆಂಟಿಮೀಟರ್ ಮುಳುಗಿದರೆ ಸುಮಾರು 49 ಕಿಲೋಗ್ರಾಂ ನೀರು ಪಕ್ಕಕ್ಕೆ ಸರಿಯುತ್ತದೆ. ಅಂದರೆ 60 ಕಿಲೋಗ್ರಾಂ ತೂಕದ ಹತ್ತು ಮಂದಿ ಹತ್ತಿದರೂ ಅದು ಹೆಚ್ಚುವರಿಯಾಗಿ ಮುಳುಗುವುದು 12 ಸೆಂಟಿಮೀಟರಿನಷ್ಟೇ! ಬಂಡೆಗಳಿರುವ, ಆಳವಿಲ್ಲದ ನದಿಗೆ ಇದಕ್ಕಿಂತ ಒಪ್ಪುವ ದೋಣಿ ಯಾವುದು?

ಉದ್ದನೆಯ ದೋಣಿ ತಿರುಗಲು ಹೋದರೆ ನೀರು ಅದರ ಪಕ್ಕಗಳನ್ನು ತಡೆಯುತ್ತದೆ. ದುಂಡಗಿನ ಹರಿಗೋಲಿಗೆ ಆ ತಡೆ ಇಲ್ಲ. ಪಕ್ಕದಲ್ಲಿ ಹುಟ್ಟು ಹಾಕಿದರೆ ಬಲವು ಕೇಂದ್ರದ ಮೂಲಕ ಹಾಯುವುದಿಲ್ಲ, ಹರಿಗೋಲು ಬುಗುರಿಯಾಗುತ್ತದೆ. ಅದಕ್ಕೇ ನುರಿತ ಅಂಬಿಗ ಮುಂಬದಿಯಲ್ಲಿ ಕುಳಿತು, ನೀರನ್ನು ತನ್ನ ಕಡೆಗೆ ಎಳೆಯುತ್ತಾನೆ. ಆಗ ಬಲ ಕೇಂದ್ರದ ಮೂಲಕವೇ ಹಾಯುತ್ತದೆ.

ಆದರೆ ಎಚ್ಚರ! ಎಲ್ಲರೂ ಫೋಟೋಗಾಗಿ ಒಂದೇ ಬದಿಗೆ ಸರಿದರೆ ಅಂಚು ತಗ್ಗಿ ನೀರು ಒಳನುಗ್ಗುತ್ತದೆ. ನುಗ್ಗಿದ ನೀರು ತಗ್ಗಿದ ಕಡೆಗೇ ಹರಿದು ವಾಲಿಕೆಯನ್ನು ಹೆಚ್ಚಿಸುತ್ತದೆ. ಎದ್ದು ನಿಂತರೆ ಗುರುತ್ವ ಕೇಂದ್ರ ಮೇಲೇರುತ್ತದೆ. ಸುತ್ತಲೂ ಸಮನಾಗಿ ಕುಳಿತುಕೊಳ್ಳುವುದು, ಜೀವರಕ್ಷಕ ಅಂಗಿ ತೊಡುವುದು, ನದಿ ತುಂಬಿದಾಗ ಹತ್ತದಿರುವುದು ಭೌತವಿಜ್ಞಾನವೇ ಹೇಳುವ ನಿಯಮಗಳು.

ತರಗತಿಯಲ್ಲಿ ಇದನ್ನು ಪರೀಕ್ಷಿಸಬಹುದು. ಬಕೆಟ್ ನೀರಿನಲ್ಲಿ ಅಂಚಿರುವ ತಟ್ಟೆಯನ್ನು ತೇಲಿಬಿಡಿ. ನಾಣ್ಯಗಳನ್ನು ಮೊದಲು ಸುತ್ತಲೂ, ಬಳಿಕ ಒಂದೇ ಬದಿಗೆ ಇಡಿ. ಮುಳುಗುವ ಮುನ್ನ ಎರಡೂ ಸಲ ಎಷ್ಟು ನಾಣ್ಯ ಹಿಡಿಯಿತು?

ಹರಿಗೋಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಬುಟ್ಟಿ ಉಳಿದೀತು. ಹೆಣೆಯುವ ಕೈ, ಹುಟ್ಟು ಹಾಕುವ ಜಾಣ್ಮೆ ಉಳಿಯವು. ಅವು ಉಳಿಯಬೇಕಾದರೆ ಹರಿಗೋಲು ನೀರಿನ ಮೇಲೆಯೇ ಇರಬೇಕು.