ಸೇದದವರ ಮೈಗೂ ಇಳಿಯುವ ಹೊಗೆಸೊಪ್ಪು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹೊಗೆಸೊಪ್ಪು ಮಳೆಯನ್ನೇ ನಂಬಿದ ಬೆಳೆ. ಸೊಪ್ಪು ಮುರಿಯುವುದೂ ಬಹುಪಾಲು ಮಳೆಗಾಲದಲ್ಲೇ. ಬುಡದಿಂದ ಹಣ್ಣಾಗುತ್ತ ಬಂದ ಎರಡು ಮೂರು ಎಲೆಗಳನ್ನಷ್ಟೇ ಒಂದು ಸಲಕ್ಕೆ ಮುರಿದು, ಕಂಕುಳಲ್ಲಿ ಅವುಚಿಕೊಂಡು ಸಾಲು ದಾಟಬೇಕು. ಆಮೇಲೆ ಸೊಪ್ಪು ಹದಮಾಡುವ ಬ್ಯಾರನ್ ಪಕ್ಕದಲ್ಲಿ ಕೂತು ಕಡ್ಡಿಗೆ ಕಟ್ಟುವ ಕೆಲಸ; ಅದು ಹೆಚ್ಚಾಗಿ ಹೆಂಗಸರ ಪಾಲಿನದು. ಸಂಜೆಯ ಹೊತ್ತಿಗೆ ಬೆರಳ ತುಂಬ ಕಪ್ಪು ಅಂಟು, ರವಿಕೆ ಸೆರಗೆಲ್ಲ ಒದ್ದೆ.

ಇಂಥ ಕೆಲಸ ಮಾಡಿದವರಿಗೆ ಕೆಲವು ಗಂಟೆಗಳಲ್ಲಿ ತಲೆ ಸುತ್ತು, ತಲೆನೋವು, ಹೊಟ್ಟೆ ತೊಳಸು, ವಾಂತಿ, ಎದ್ದು ನಿಲ್ಲಲಾರದ ಸುಸ್ತು ಬರಬಹುದು. ಪಿತ್ತ ಹೆಚ್ಚಾಯಿತು ಎಂದೋ, ಕ್ರಿಮಿನಾಶಕದ ಗಾಳಿ ಬಡಿಯಿತು ಎಂದೋ ತಿಳಿಯುವುದು ಸುಲಭ. ನಿಜವಾದ ಕಾರಣ ಎಲೆಯಲ್ಲೇ ಇದೆ: ನಿಕೋಟಿನ್. ಅಮೆರಿಕದ ಫ್ಲೋರಿಡಾದ ತಂಬಾಕು ಕೂಲಿಗಳಲ್ಲಿ ಈ ಕಾಯಿಲೆ 1970ರಲ್ಲಿ ವರದಿಯಾಯಿತು. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಒಳಗಿಳಿಯುವುದೇ ಇದಕ್ಕೆ ಮೂಲವೆಂದು 1974ರಲ್ಲಿ ನಾರ್ತ್ ಕೆರೊಲಿನಾದ ಅಧ್ಯಯನ ಹೇಳಿತು. ಭಾರತದಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಗುಜರಾತಿನ ತಂಬಾಕು ಕೆಲಸಗಾರರಲ್ಲಿ ಇದನ್ನು ಅಭ್ಯಸಿಸಿತು.

ನಿಕೋಟಿನ್ ನೀರಿನಲ್ಲೂ ಕರಗುತ್ತದೆ, ಕೊಬ್ಬಿನಲ್ಲೂ ಕರಗುತ್ತದೆ. ಎಲೆಯ ಮೇಲಿನ ಇಬ್ಬನಿ, ಮಳೆಹನಿ, ಮೈಬೆವರು ಅದನ್ನು ಎಳೆದುಕೊಳ್ಳುತ್ತವೆ. ಚರ್ಮದ ಕೊಬ್ಬಿನ ಪದರ ಅದಕ್ಕೆ ಅಡ್ಡಿಯಾಗುವುದಿಲ್ಲ. ಎಲೆಯ ಮೇಲಿನ 100 ಮಿಲಿಲೀಟರ್ ಇಬ್ಬನಿಯಲ್ಲಿ 9 ಮಿಲಿಗ್ರಾಂವರೆಗೂ ನಿಕೋಟಿನ್ ಇರಬಹುದೆಂದು ಅಳೆದಿದ್ದಾರೆ. ಒಂದು ಸಿಗರೇಟು ಸೇದಿದವನ ಮೈಗೆ ಸೇರುವುದು ಸುಮಾರು 1 ಮಿಲಿಗ್ರಾಂ! ಕೈ ಕೊಯ್ದಿದ್ದರೆ, ತರಚಿದ್ದರೆ ಹೀರಿಕೆ ಇನ್ನೂ ಜೋರು. ಬೀಡಿ ಮುಟ್ಟದವರೇ ಹೆಚ್ಚು ನರಳುತ್ತಾರೆ, ಏಕೆಂದರೆ ಅವರ ಮೈಗೆ ನಿಕೋಟಿನ್ನಿನ ರೂಢಿ ಇರುವುದಿಲ್ಲ.

ನುಂಗಿದ ನಿಕೋಟಿನ್ನಿನ ಬಹುಭಾಗವನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಒಡೆಯುತ್ತದೆ. ಚರ್ಮದಿಂದ ಬಂದದ್ದು ಹಾಗಲ್ಲ, ನೇರವಾಗಿ ರಕ್ತಕ್ಕೆ ಸೇರಿ ಮಿದುಳು ಮುಟ್ಟುತ್ತದೆ. ಆಮೇಲೆ ಯಕೃತ್ತು ಅದರ ಮುಕ್ಕಾಲು ಪಾಲನ್ನು ಕೊಟಿನಿನ್ ಎಂಬ ವಸ್ತುವಾಗಿ ಮಾರ್ಪಡಿಸುತ್ತದೆ. ರಕ್ತದ ನಿಕೋಟಿನ್ ಸುಮಾರು 2 ಗಂಟೆಗೆ ಅರ್ಧಕ್ಕಿಳಿದರೆ, ಕೊಟಿನಿನ್ ಅರ್ಧವಾಗಲು ಸುಮಾರು 16 ಗಂಟೆ ಬೇಕು. ಕೊನೆಗೆ ಮೂತ್ರಪಿಂಡಗಳು ಇವನ್ನೆಲ್ಲ ಹೊರಹಾಕುತ್ತವೆ. ಮೈಗೆ ಎಷ್ಟು ಸೇರಿತೆಂದು ತಿಳಿಯಲು ವೈದ್ಯರು ಮೂತ್ರದಲ್ಲಿ ಕೊಟಿನಿನ್ ಹುಡುಕುವುದು ಇದರಿಂದಲೇ. ಎದೆಹಾಲಿಗೂ ನಿಕೋಟಿನ್ ಇಳಿಯುತ್ತದೆ ಎಂಬುದನ್ನು ಬಾಣಂತಿಯರಿರುವ ಮನೆಗಳು ಮರೆಯಬಾರದು.

ದೇಹ ಎಲ್ಲವನ್ನೂ ಇಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಯೀಸ್ಟ್‌ನ ಸೆಲೆನಿಯಂ ಮಾತ್ರೆಯನ್ನೇ ನೋಡಿ. ಅದರಲ್ಲಿ ಹೆಚ್ಚಿರುವ ಸೆಲೆನೊಮೆಥಿಯೊನಿನ್ ಕರುಳಿನಲ್ಲಿ ಶೇ. 90ರಷ್ಟು ಹೀರಿಕೆಯಾಗುತ್ತದೆ. ದೇಹ ಅದನ್ನು ಸಾಧಾರಣ ಮೆಥಿಯೊನಿನ್ ಎಂದೇ ಬಗೆದು ಸ್ನಾಯುಗಳ ಪ್ರೋಟೀನಿಗೆ ಸೇರಿಸಿಬಿಡುತ್ತದೆ, ತಿಂಗಳುಗಟ್ಟಲೆ ಉಳಿಸಿಕೊಳ್ಳುತ್ತದೆ. ಮಿಕ್ಕದ್ದು ಮುಖ್ಯವಾಗಿ ಮೂತ್ರದಲ್ಲಿ ಹೋಗುತ್ತದೆ; ವಿಪರೀತವಾದರೆ ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ ಬರುತ್ತದೆ. ನಿಕೋಟಿನ್ನಿನ ಬಾಧೆ ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಇಳಿಯುವುದು ಅದು ಹೀಗೆ ಮನೆ ಮಾಡಿಕೊಳ್ಳದ್ದರಿಂದ. ಆದರೆ ಮರುದಿನ ಅದೇ ಒದ್ದೆ ಹೊಲಕ್ಕೆ ಇಳಿದರೆ ಎಲ್ಲ ಮೊದಲಿನಿಂದ ಶುರು.

ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದದ ಹರಾಜು ಮಾರುಕಟ್ಟೆಗಳಲ್ಲಿ ಎಲೆಯ ಬಣ್ಣ, ದರ್ಜೆ, ದರವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ಆ ಗಮನದಲ್ಲಿ ಒಂದು ಪಾಲಾದರೂ ಎಲೆ ಮುರಿದ ಕೈಗಳಿಗೆ ಸಲ್ಲಬೇಕು. ದೊಡ್ಡ ಖರ್ಚೇನಿಲ್ಲ. ಕೈಗೆ ರಬ್ಬರ್ ಗವಸು, ಮೈಗೆ ಪ್ಲಾಸ್ಟಿಕ್ ಹೊದಿಕೆ, ತುಂಬುತೋಳಿನ ಅಂಗಿ ಸಾಕು. ಸಾಧ್ಯವಾದಷ್ಟೂ ಇಬ್ಬನಿ ಆರಿದ ಮೇಲೆ ಸೊಪ್ಪು ಮುರಿಯಬೇಕು. ಒದ್ದೆ ಬಟ್ಟೆಯನ್ನು ಕೂಡಲೇ ಬದಲಿಸಬೇಕು. ಸೋಪು ಹಚ್ಚಿ ತೊಳೆದರೆ ಕೈಗೆ ಅಂಟಿದ ನಿಕೋಟಿನ್ನಿನಲ್ಲಿ ಶೇ. 96ರಷ್ಟು ಹೋಗುತ್ತದೆಂದು ಅಮೆರಿಕದ ಹೊಲಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಬ್ಯಾರನ್ ಬಾಗಿಲಲ್ಲಿ ಒಂದು ಬಕೆಟ್ ನೀರು, ಒಂದು ಸೋಪು ಇಡಲು ಯಾವ ಯೋಜನೆಯೂ ಬೇಕಿಲ್ಲ.

ಮಕ್ಕಳನ್ನಂತೂ ಕಡ್ಡಿ ಕಟ್ಟಲು ಕೂರಿಸಲೇಬಾರದು. ಸಣ್ಣ ಮೈಗೆ ಅಷ್ಟೇ ನಿಕೋಟಿನ್ ಹೆಚ್ಚು ಬಾಧಿಸುತ್ತದೆ. ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ಹೋದವರು ಹೊಟ್ಟೆನೋವಿನ ಜೊತೆಗೆ, ಇವತ್ತು ಒದ್ದೆ ಹೊಗೆಸೊಪ್ಪು ಮುರಿದೆ ಎಂಬುದನ್ನೂ ವೈದ್ಯರಿಗೆ ಹೇಳಬೇಕು.