ಸೊಂಟನೋವು: ಎಣ್ಣೆ ಎಲ್ಲಿವರೆಗೆ, ಆಸ್ಪತ್ರೆ ಯಾವಾಗ?

"ಏನ್ ಸ್ವಾಮಿ, ಕುಂಟ್ತಾ ಇದೀರಿ?"

"ಸೊಂಟದಿಂದ ಹಿಮ್ಮಡಿವರೆಗೆ ಕರೆಂಟ್ ಹೊಡೆದ ಹಾಗಾಗುತ್ತೆ ಕಣ್ರೀ!"

ಬಸ್ ಸ್ಟ್ಯಾಂಡಿನಲ್ಲಿ, ಕಿರಾಣಿ ಅಂಗಡಿಯ ಗಲ್ಲಾ ಮುಂದೆ ದಿನಾ ಕೇಳುವ ಮಾತಿದು. ಡಾಕ್ಟರರು ಇದಕ್ಕೆ ಸಯಾಟಿಕಾ ಅಂತಾರೆ. ಆಯುರ್ವೇದದಲ್ಲಿ ಇದು ಗೃಧ್ರಸಿ. ಚರಕಸಂಹಿತೆ ಹೇಳುವ 80 ವಾತರೋಗಗಳಲ್ಲೊಂದು. ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕ್ ಉಬ್ಬಿ ಕಾಲಿನ ನರದ ಬೇರನ್ನು ಒತ್ತುವುದೇ ಸಾಮಾನ್ಯ ಕಾರಣ.

ಗಾಬರಿ ಬೇಡ. ಬಹಳಷ್ಟು ಜನರಿಗೆ 6ರಿಂದ 12 ವಾರಗಳಲ್ಲಿ ನೋವು ಇಳಿಯುತ್ತದೆ. ಹಾಗಂತ ದಿನಗಟ್ಟಲೆ ಮಲಗಬೇಡಿ. ಆಗಾಗ ಗಲ್ಲಾ ಬಿಟ್ಟೆದ್ದು ನಾಲ್ಕು ಹೆಜ್ಜೆ ಹಾಕಿ. ಮೂಟೆ ಎತ್ತುವಾಗ ಸೊಂಟವನ್ನಲ್ಲ, ಮಂಡಿ ಬಗ್ಗಿಸಿ.

ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚನೆಯ ಎಣ್ಣೆ ನಿಲ್ಲಿಸುವ ಕಟಿಬಸ್ತಿ ಹಲವರಿಗೆ ಹಾಯೆನಿಸುತ್ತದೆ. ಬಲ್ಲ ವೈದ್ಯರಲ್ಲೇ ಮಾಡಿಸಿ. ಆದರೆ ಉಬ್ಬಿದ ಡಿಸ್ಕನ್ನು ಎಣ್ಣೆ ಒಳಕ್ಕೆ ತಳ್ಳುವುದಿಲ್ಲ.

ಮೂತ್ರ ಕಟ್ಟಿತೇ? ತಡೆಯಲಾಗದೆ ಹೋಗುತ್ತಿದೆಯೇ? ತೊಡೆಸಂದಿ, ಗುದದ ಸುತ್ತ ಮರಗಟ್ಟಿದೆಯೇ? ಪಾದ ಎತ್ತಲಾಗುತ್ತಿಲ್ಲವೇ? ಹಾಗಿದ್ದರೆ ಎಣ್ಣೆ, ನೀವುವುದು ಎಲ್ಲ ನಿಲ್ಲಿಸಿ ಅದೇ ಗಳಿಗೆ ದೊಡ್ಡಾಸ್ಪತ್ರೆಗೆ ಹೊರಡಿ. ಸ್ಕ್ಯಾನಿಂಗ್, ತುರ್ತು ಆಪರೇಷನ್ ಬೇಕಾಗಬಹುದು.

ಅಂಗಡಿ ಬಾಗಿಲು ಇವತ್ತು ಹಾಕಿದರೆ ನಾಳೆ ತೆಗೀಬಹುದು. ನರ ಸತ್ತರೆ?