ನಿಮ್ಮ ಜಮೀನಿನ ಚರಳನ್ನು ತಿಳಿಯಿರಿ

ಸಣ್ಣ ಕಲ್ಲಿಗೆ ನಮ್ಮಲ್ಲಿ ಹೆಸರುಗಳಿಗೆ ಬರವಿಲ್ಲ. ಮನೆ ಕಟ್ಟುವ ಮೇಸ್ತ್ರಿಗೆ ಬೇಕಾದುದು ಕಪ್ಪು ಕಲ್ಲನ್ನು ಒಡೆದ ಜಲ್ಲಿ. ಅದರಲ್ಲೂ 40 ಮಿ.ಮೀ., 20 ಮಿ.ಮೀ., ಬೇಬಿ ಜಲ್ಲಿ ಎಂಬ ಭೇದಗಳುಂಟು. ರಸ್ತೆಯ ಗುತ್ತಿಗೆದಾರ ಮೊರಂ ಎಂದು ಕೇಳುತ್ತಾನೆ. ಅವನಿಗೆ ಗುಡ್ಡೆಯ ಕೆಂಪು ಚರಳು ಬೇಕು. ಘಟ್ಟದ ಮೇಲಿನವರು ಗರಸು ಎನ್ನುತ್ತಾರೆ. ಅಕ್ಕಿ ಆರಿಸುವವರಿಗೆ ಅದು ಹರಳು. ವೈದ್ಯರ ಬಾಯಲ್ಲಿ ಅದೇ ಹರಳು ಮೂತ್ರಪಿಂಡದ ಬೇನೆ. ಹೆಸರಿನ ಗೊಂದಲದಿಂದ ಮೇಸ್ತ್ರಿಗೆ ದೊಡ್ಡ ನಷ್ಟವಾಗದು, ತಪ್ಪು ಲೋಡು ಬಂದರೆ ಹಿಂದಕ್ಕೆ ಕಳುಹಿಸಬಹುದು. ಆದರೆ ಕೃಷಿಕರು ತಮ್ಮ ಜಮೀನಿನಲ್ಲಿರುವುದು ಯಾವ ಚರಳು, ಎಷ್ಟು ಚರಳು ಎಂಬುದನ್ನು ತಿಳಿಯದಿದ್ದರೆ ಗೊಬ್ಬರ, ನೀರು, ಕೆಲವೊಮ್ಮೆ ಗುಡ್ಡೆಯನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಬೆಟ್ಟು ಗದ್ದೆ, ಗುಡ್ಡೆ ಮತ್ತು ಪದವುಗಳಲ್ಲಿ ಕಾಣುವುದು ಬಹುಮಟ್ಟಿಗೆ ಮುರಕಲ್ಲಿನ ಚರಳು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಸುರಿಯುವ ಮಳೆ ಲಕ್ಷಾಂತರ ವರ್ಷಗಳಿಂದ ಇಲ್ಲಿಯ ಶಿಲೆಯನ್ನು ತೊಳೆಯುತ್ತ ಬಂದಿದೆ. ಸುಣ್ಣ, ಪೊಟ್ಯಾಷ್ ಮುಂತಾದವು ನೀರಿನೊಡನೆ ಹೋದವು. ಸಿಲಿಕದ ಬಹುಭಾಗವೂ ಹೋಯಿತು. ಉಳಿದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಗಟ್ಟಿಯಾಗಿ ಕಲ್ಲಾದವು, ಚರಳಾದವು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಅಧಿಕಾರಿ ಬಂಟ್ವಾಳ, ಜಮಲಾಬಾದ್, ವೇಣೂರು, ಮೂಡುಬಿದಿರೆ ಮಾರ್ಗವಾಗಿ ಸಂಚರಿಸಿ ಇಲ್ಲಿಯ ಬೇಸಾಯವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ನೆಲದಲ್ಲಿರುವಾಗ ಕತ್ತರಿಸಲು ಬರುವ, ಗಾಳಿಗೆ ಒಡ್ಡಿದಾಗ ಗಟ್ಟಿಯಾಗುವ ಈ ಕಲ್ಲನ್ನು ಮಲಬಾರಿನಲ್ಲಿ ಕಂಡು, ಲ್ಯಾಟಿನ್ ಭಾಷೆಯ ಇಟ್ಟಿಗೆಯ ಹೆಸರಿನಿಂದ ‘ಲ್ಯಾಟರೈಟ್’ ಎಂಬ ಶಬ್ದವನ್ನು 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬಳಕೆಗೆ ತಂದವನು ಆತನೇ. ಕನ್ನಡಿಗರು ಅದನ್ನು ಜಂಬಿಟ್ಟಿಗೆ ಎನ್ನುತ್ತಾರೆ. ಅದರಲ್ಲೂ ಇಟ್ಟಿಗೆ ಇದೆ.

ಈಗ ತೋಟದ ವಿಷಯಕ್ಕೆ ಬರೋಣ. ನೀವು ಮಣ್ಣು ಪರೀಕ್ಷೆಗೆ ಮಾದರಿ ಕಳುಹಿಸಿದಾಗ ಪ್ರಯೋಗಶಾಲೆಯಲ್ಲಿ ಮೊದಲು ಅದನ್ನು 2 ಮಿ.ಮೀ. ಕಣ್ಣಿನ ಜರಡಿಯಲ್ಲಿ ಸೋಸುತ್ತಾರೆ. ಮೇಲುಳಿದ ಚರಳನ್ನು ಬದಿಗಿಟ್ಟು, ಕೆಳಗಿಳಿದ ಮಣ್ಣನ್ನು ಮಾತ್ರ ಪರೀಕ್ಷಿಸುತ್ತಾರೆ. ವರದಿಯ ಅಂಕೆಗಳು ಆ ಸಣ್ಣ ಮಣ್ಣಿಗೆ ಮಾತ್ರ ಸಂಬಂಧಿಸಿದವು. ಇದು ಬಹಳ ಕೃಷಿಕರಿಗೆ ತಿಳಿಯದ ಸಂಗತಿ. ಆದುದರಿಂದ ಈ ಸೋಸುವ ಕೆಲಸವನ್ನು ಮನೆಯಲ್ಲಿ ಒಮ್ಮೆ ನೀವೇ ಮಾಡಿ ನೋಡಬೇಕು. ಅಡಿಕೆ ಬುಡದಿಂದ ಎರಡು ಅಡಿ ದೂರದಲ್ಲಿ, ಒಂದು ಅಡಿ ಆಳದವರೆಗಿನ ಮಣ್ಣನ್ನು ತೋಟದ ನಾಲ್ಕೈದು ಕಡೆಯಿಂದ ತೆಗೆದು ನೆರಳಿನಲ್ಲಿ ಒಣಗಿಸಿರಿ. ಹೆಂಟೆಗಳನ್ನು ಮರದ ಕೊಡತಿಯಿಂದ ಪುಡಿ ಮಾಡಿರಿ, ಚರಳನ್ನು ಒಡೆಯಬಾರದು. ಹತ್ತು ಕಿಲೋ ತೂಗಿ ಸೋಸಿರಿ. ಮೇಲೆ ನಾಲ್ಕು ಕಿಲೋ ಚರಳು ಉಳಿದರೆ, ಬೇರಿಗೆ ಆಹಾರ ಕೊಡುವ ಮಣ್ಣು ಆರು ಕಿಲೋ ಮಾತ್ರ. ವರದಿಯಲ್ಲಿ ಪೊಟ್ಯಾಷ್ ‘ಮಧ್ಯಮ’ ಎಂದಿದ್ದರೂ ಅಂಥ ತೋಟದಲ್ಲಿ ಅದನ್ನು ಸ್ವಲ್ಪ ಕಡಿಮೆಯೆಂದೇ ತಿಳಿಯುವುದು ಕ್ಷೇಮ. ನೀರು ಹಿಡಿದಿಡುವ ಶಕ್ತಿಯೂ ಇದೇ ರೀತಿ ಕುಗ್ಗುತ್ತದೆ. ಮುರಕಲ್ಲಿನ ಚರಳು ಸ್ವಲ್ಪ ನೀರು ಹೀರುತ್ತದೆ ನಿಜ, ಆದರೆ ಅದನ್ನು ನಂಬಿ ನೀರಾವರಿಯ ದಿನ ನಿಶ್ಚಯಿಸಲಾಗದು.

ಮಾರ್ಚಿಯಿಂದ ಮೇ ವರೆಗೆ ಅಡಿಕೆ ಮರವೊಂದಕ್ಕೆ 3ರಿಂದ 5 ದಿನಗಳಿಗೊಮ್ಮೆ ಸುಮಾರು 175 ಲೀಟರ್ ನೀರು ಕೊಡಬೇಕೆಂಬುದು ಸಾಮಾನ್ಯ ಶಿಫಾರಸು. ಚರಳು ಹೆಚ್ಚಿರುವ ತೋಟದಲ್ಲಿ ಒಮ್ಮೆಲೇ ಅಷ್ಟು ನೀರು ಬಿಟ್ಟರೆ ಒಂದು ಪಾಲು ಬೇರನ್ನು ದಾಟಿ ಕೆಳಗೆ ಹೋಗುತ್ತದೆ. ಅದೇ ನೀರನ್ನು ಎರಡು ಸಲವಾಗಿ ಕೊಡುವುದು ಲಾಭದಾಯಕ. ಹನಿ ನೀರಾವರಿ ಇದ್ದವರು ಗಮನಿಸಬೇಕು: ಚರಳು ಮಣ್ಣಿನಲ್ಲಿ ನೀರು ಅಕ್ಕಪಕ್ಕಕ್ಕೆ ಹರಡುವುದು ಕಡಿಮೆ, ನೇರ ಕೆಳಕ್ಕಿಳಿಯುವುದು ಹೆಚ್ಚು. ಆದ್ದರಿಂದ ಬುಡಕ್ಕೊಂದೇ ಹನಿ ಸಾಲದು. ಹನಿಗಳ ಸಂಖ್ಯೆ ಹೆಚ್ಚಿಸಿ, ಬಿಡುವ ಹೊತ್ತನ್ನು ಕಡಿಮೆ ಮಾಡಬೇಕು.

ಗೊಬ್ಬರದ ಮಾತೂ ಹಾಗೆಯೇ. ಫಲ ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂದು ಶಿಫಾರಸಿದೆ. ಜೊತೆಗೆ 12 ಕಿಲೋ ಹಸುರೆಲೆ, 12 ಕಿಲೋ ಕಾಂಪೋಸ್ಟ್. ಚರಳು ತೋಟದಲ್ಲಿ ಸಾರಜನಕ, ಪೊಟ್ಯಾಷ್‌ಗಳನ್ನು ಎರಡರ ಬದಲು ಮೂರು ಕಂತುಗಳಲ್ಲಿ ಕೊಡಿರಿ. ಆಟಿಯ ಜಡಿಮಳೆಯಲ್ಲಿ ಹಾಕಿದ್ದು ನೇತ್ರಾವತಿಗೆ ಹಾಕಿದಂತೆ. ರಂಜಕದ ಕಥೆ ಬೇರೆ. ಅದು ತೊಳೆದು ಹೋಗುವುದಿಲ್ಲ, ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅದನ್ನು ಬಿಗಿಯಾಗಿ ಹಿಡಿದು ಬೇರಿಗೆ ಸಿಗದಂತೆ ಮಾಡುತ್ತವೆ. ಹುಳಿ ಮಣ್ಣಿಗೆ ಶಿಲಾರಂಜಕ ಒಗ್ಗುತ್ತದೆ; ಸೊಪ್ಪು ಗೊಬ್ಬರದೊಡನೆ ಕೊಟ್ಟರೆ ಇನ್ನೂ ಉತ್ತಮ. ಬೇಸಗೆಯಲ್ಲಿ ಸಿಗುವ ಕೆರೆಯ ಹೂಳನ್ನು ಬೈಲಿನ ತೋಟಕ್ಕಿಂತ ಮೊದಲು ಈ ತೋಟಕ್ಕೆ ಹಾಕಬೇಕು.

ಹಾಗೆಂದು ಚರಳನ್ನೆಲ್ಲ ಹೆಕ್ಕಿ ಹೊರಹಾಕಲು ಹೊರಡಬೇಡಿ. ಮೇಲ್ಮೈಯ ಚರಳು ಮಳೆಹನಿಯ ಪೆಟ್ಟನ್ನು ತಾಳಿ, ಕೆಳಗಿನ ಮಣ್ಣು ಕೊಚ್ಚಿ ಹೋಗದಂತೆ ಕಾಯುತ್ತದೆ. ನೀರು ನಿಂತು ಬೇರು ಕೊಳೆಯುವ ತೊಂದರೆಯೂ ಇಂಥಲ್ಲಿ ಕಡಿಮೆ. ಗೇರು ಮರ ಈ ನೆಲದಲ್ಲೇ ಬೇರೂರಿ ಬದುಕುತ್ತದೆ. ತೆಂಗಿಗೆ ಮಾತ್ರ ಸ್ವಲ್ಪ ಶ್ರಮ ಬೇಕು: ಗಟ್ಟಿ ಮುರಕಲ್ಲಿನಲ್ಲಿ 1.2 ಮೀಟರ್ ಉದ್ದ, ಅಗಲ, ಆಳದ ಗುಂಡಿ ತೋಡಿ, ತಳಕ್ಕೆ ಎರಡು ಕಿಲೋ ಅಡುಗೆ ಉಪ್ಪು ಹಾಕಿ ಆರು ತಿಂಗಳು ಬಿಟ್ಟರೆ ಕಲ್ಲು ಮೆದುವಾಗುತ್ತದೆ.

ಇನ್ನು ಗುಡ್ಡೆಯ ಚರಳನ್ನು ಮಾರುವ ಪ್ರಶ್ನೆ. ಬಿ.ಸಿ. ರೋಡ್–ಅಡ್ಡಹೊಳೆ ಹೆದ್ದಾರಿಯಂಥ ಅಗಲೀಕರಣದ ಕೆಲಸಗಳು ಬಂದಾಗ ಮಣ್ಣಿಗೆ ಬೇಡಿಕೆ ಏರುತ್ತದೆ. ಒಂದು ಗುಡ್ಡೆ ತಗ್ಗಿಸಿಕೊಟ್ಟರೆ ಹಣವೂ ಬಂತು, ಸಮತಟ್ಟು ಜಾಗವೂ ಆಯಿತು ಎಂದು ಕಾಣುತ್ತದೆ. ಒಪ್ಪುವ ಮೊದಲು ನಿಮ್ಮ ಬಾವಿಯ ಗೋಡೆಯನ್ನೊಮ್ಮೆ ಬಗ್ಗಿ ನೋಡಿರಿ. ಮೇಲೆ ಚರಳು, ಅದರ ಕೆಳಗೆ ಮುರಕಲ್ಲು, ಇನ್ನೂ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಶೇಡಿ ಮಣ್ಣು. ಚರಳು ಮತ್ತು ಮುರಕಲ್ಲು ಮಳೆನೀರನ್ನು ಕುಡಿಯುತ್ತವೆ. ಶೇಡಿ ಅದನ್ನು ಸುಲಭವಾಗಿ ಕೆಳಗೆ ಬಿಡದೆ ತಡೆಯುತ್ತದೆ. ಹಾಗೆ ತಡೆದ ನೀರೇ ಬಾವಿಯ ಒಸರು, ಸುರಂಗದ ನೀರು. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬರಡು ಗುಡ್ಡೆಯಲ್ಲಿ ತೋಟ ಎಬ್ಬಿಸಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂದದ್ದು ನಿಮಗೆ ನೆನಪಿರಬಹುದು. ಅವರಿಗೆ ನೀರು ಕೊಟ್ಟದ್ದು ಇಂಥ ಗುಡ್ಡೆಯೇ. ಮೇಲಿನ ಪದರವನ್ನು ಲಾರಿಗೆ ತುಂಬಿಸಿದವರು ಕೆಳಗಿನ ಬಾವಿಯ ನೀರನ್ನೂ ಅದರೊಡನೆ ಕಳುಹಿಸಿದಂತಾಯಿತು.

ಅಪಾಯ ಇನ್ನೊಂದಿದೆ. ಶೇಡಿ ಹೊರಬಿದ್ದು ನೆನೆದರೆ ಬೆಣ್ಣೆಯಂತಾಗುತ್ತದೆ. ನೇರವಾಗಿ ಕಡಿದ ಬರೆಯ ಬುಡದಲ್ಲಿ ಶೇಡಿ ಕಂಡರೆ ಅದರ ಕೆಳಗೆ ಮನೆ, ಹಟ್ಟಿ ಕಟ್ಟಬಾರದು. ಬರೆಯ ತಲೆಯಲ್ಲಿ ಬಿರುಕು, ವಾಲಿದ ಮರ, ಬುಡದಲ್ಲಿ ಹೊಸದಾಗಿ ಕೆಂಪು ನೀರಿನ ಒರತೆ ಕಂಡ ಕೂಡಲೆ ಅಲ್ಲಿಂದ ಹೊರಡಬೇಕು. ಇಂಗುಗುಂಡಿ ಒಳ್ಳೆಯದೆಂದು ಎಲ್ಲ ಕಡೆ ತೋಡುವುದೂ ಸರಿಯಲ್ಲ. ಪದವಿನಲ್ಲಿ, ಇಳಿಜಾರು ಕಡಿಮೆಯಿರುವಲ್ಲಿ ತೋಡಿರಿ, ಶೇಡಿಯ ಕಡಿದಾದ ಇಳುಕಲಿನಲ್ಲಿ ಬೇಡ. ಮಣ್ಣು, ಕಲ್ಲು ತೆಗೆದು ಮಾರಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು. ಕುಮ್ಕಿ ಜಾಗ ಸರ್ಕಾರದ್ದು. ಅಲ್ಲಿ ನಿಮಗಿರುವುದು ಸೊಪ್ಪು ಸೌದೆಯಂಥ ಸವಲತ್ತು, ಮಣ್ಣು ಮಾರುವ ಹಕ್ಕಲ್ಲ.

ಕರೆಯದೆ ಬರುವ ಚರಳೂ ಉಂಟು. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಚಾರ್ಮಾಡಿ ಕಡೆ ಘಟ್ಟ ಕುಸಿದಾಗ ಹೊಳೆ ಉಕ್ಕಿ, ಮರಳು, ಗುಂಡುಕಲ್ಲು, ಮರದ ದಿಮ್ಮಿಗಳು ಅಡಿಕೆ ತೋಟಗಳ ಮೇಲೆ ಬಂದು ಕುಳಿತವು. ಇಂಥ ಸಂದರ್ಭದಲ್ಲಿ ತೋಟವಿಡೀ ಬಿಡಿಸಲು ಕಾಯದೆ ಮೊದಲು ಪ್ರತಿ ಮರದ ಬುಡವನ್ನು ಹಳೆಯ ಮಟ್ಟದವರೆಗೆ ಬಿಡಿಸಬೇಕು. ಹೂತುಹೋದ ಬೇರಿಗೆ ಗಾಳಿ ಸಿಗುವುದಿಲ್ಲ. ಬಳಿಕ ಕಣಿಗಳನ್ನು ತೆರೆದು ನೀರಿಗೆ ದಾರಿ ಮಾಡಬೇಕು. ಗುಂಡುಕಲ್ಲು ತೋಟದ ಬದಿಯ ಕಟ್ಟಪುಣಿಗೆ ಆಗುತ್ತದೆ. ಹೊಸ ಮಣ್ಣಿಗೆ ಮತ್ತೆ ಮಣ್ಣು ಪರೀಕ್ಷೆ ಮಾಡಿಸದೆ ಹಳೆಯ ಲೆಕ್ಕದಲ್ಲಿ ಗೊಬ್ಬರ ಹಾಕಬಾರದು.

ಹಣ ಕೊಟ್ಟು ತರುವ ಕಪ್ಪು ಜಲ್ಲಿಯ ಒಂದು ಉಪಯೋಗವನ್ನು ಹೇಳಲೇಬೇಕು. ಒಡೆದ ಜಲ್ಲಿಯ ಮೂಲೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ರೈಲು ಹಳಿಯ ಕೆಳಗೆ ಹೊಳೆಯ ನುಣುಪು ಕಲ್ಲು ಹಾಕದಿರುವುದು ಇದಕ್ಕೇ. ಕಾಂಕ್ರೀಟಿಗೂ ಮಾಡಿನ ನೀರನ್ನು ಬಾವಿಗೆ ಬಿಡುವ ಸೋಸುತೊಟ್ಟಿಗೂ ಈ ಜಲ್ಲಿಯೇ ಬೇಕು. ಮುರಕಲ್ಲಿನ ಚರಳು ಪುಡಿಯಾಗಿ ನೀರನ್ನು ಕೆಂಪಾಗಿಸುತ್ತದೆ. ತೊಟ್ಟಿಯ ತಳದಲ್ಲಿ 40 ಮಿ.ಮೀ. ಜಲ್ಲಿ, ಅದರ ಮೇಲೆ 20 ಮಿ.ಮೀ., ಮತ್ತೆ ಬೇಬಿ ಜಲ್ಲಿ, ಎಲ್ಲಕ್ಕೂ ಮೇಲೆ ತೊಳೆದ ದಪ್ಪ ಮರಳು. ಕ್ರಮ ತಲೆಕೆಳಗಾದರೆ ಮರಳು ಬಾವಿಗಿಳಿಯುತ್ತದೆ. ಮಳೆಗಾಲದ ಮೊದಲ ಎರಡು ಮೂರು ಮಳೆಯ ನೀರನ್ನು ಹೊರಗೆ ಬಿಟ್ಟು, ಮಾಡು ತೊಳೆದ ಮೇಲೆ ತೊಟ್ಟಿಗೆ ತಿರುಗಿಸಿರಿ. ಪ್ರತಿ ವರ್ಷ ಪತ್ತನಾಜೆಯ ಮೊದಲು ಮರಳನ್ನೂ ಜಲ್ಲಿಯನ್ನೂ ತೆಗೆದು ತೊಳೆದು ಒಣಗಿಸಿ ಹಾಕಬೇಕು.